ಎರಡೂರಿನ ವಾಲ್ ರಾಡು

ನಾನು ಒಂದು ಕಬ್ಬಿಣದ ರಾಡು. ನಾಲ್ಕು ಅಡಿ ಉದ್ದ, ಆರೂವರೆ ಕೆಜಿ ತೂಕ. ಊರಿನ ಕುಡಿಯುವ ನೀರಿನ ಪೈಪುಗಳಿಗೆ ಅಲ್ಲಲ್ಲಿ ನೆಲದೊಳಗೆ ವಾಲ್ವ್ ಕೂರಿಸಿರುತ್ತಾರಲ್ಲ, ಅದು ಬಗ್ಗಿದರೂ ಕೈಗೆ ಸಿಗುವುದಿಲ್ಲ. ಮೂರೂವರೆ ಅಡಿ ಆಳದ ಗುಂಡಿಗೆ ನನ್ನನ್ನು ಇಳಿಬಿಟ್ಟು, ತಳದಲ್ಲಿರುವ ವಾಲ್ವಿನ ಚೌಕ ತಲೆಯನ್ನು ನನ್ನ ಬಾಯಿಗೆ ಕಚ್ಚಿಸಿ, ಮೇಲಿನ ಅಡ್ಡ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಬೇಕು. ಎಡಕ್ಕೆ ತಿರುಗಿಸಿದರೆ ನೀರು ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ನಿಲ್ಲುತ್ತದೆ. ಕಾಗದಪತ್ರದಲ್ಲಿ ನನಗೆ ಬೇರೆ ಹೆಸರಿರಬಹುದು. ಜನ ವಾಲ್ ರಾಡು ಎಂದು ಕರೆದರು. ನಾನು ಆ ಹೆಸರಿಗೇ ಒಗ್ಗಿಕೊಂಡೆ.

ನಾನು ಹುಟ್ಟಿದ್ದು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂದೆ, ಬಾಬಾಜಾನ್ ಸಾಹೇಬರ ವೆಲ್ಡಿಂಗ್ ಅಂಗಡಿಯಲ್ಲಿ. ತೆಂಕಣಕೊಪ್ಪಲು ಗ್ರಾಮ ಪಂಚಾಯಿತಿಯ ನೀರುಗಂಟಿ ದ್ಯಾವಯ್ಯ ಒಂದು ಬೆಳಿಗ್ಗೆ ಅಲ್ಲಿಗೆ ಬಂದರು. ಊರಿಗೆ ನೀರು ಬಿಡುವವರನ್ನು ನಮ್ಮ ಕಡೆ ನೀರುಗಂಟಿ ಎನ್ನುತ್ತಾರೆ. ಅವರಿಗೆ ಅಳತೆಪಟ್ಟಿಯ ಸಹವಾಸವಿರಲಿಲ್ಲ. ಜೇಡಿಮಣ್ಣಿನ ಉಂಡೆಯೊಂದನ್ನು ಕೋಲಿನ ತುದಿಗೆ ಮೆತ್ತಿ ವಾಲ್ವಿನ ತಲೆಯ ಮೇಲೆ ಒತ್ತಿ, ಆ ಅಚ್ಚನ್ನು ಮುತ್ತುಗದೆಲೆಯಲ್ಲಿ ಸುತ್ತಿ ಕೈಚೀಲದಲ್ಲಿ ತಂದಿದ್ದರು.

"ಅಳತೆ ತಗೊಂಡು ಬಾ ಅಂದ್ರೆ ಮುದ್ದೆ ತಂದಿದ್ದೀಯಲ್ಲಪ್ಪ" ಎಂದರು ಸಾಹೇಬರು. "ಸಾರೆಲ್ಲಿ?"

"ಸಾರು ನೀವೇ ಕಾಯಿಸ್ತಿದ್ದೀರಲ್ಲ" ಎಂದು ದ್ಯಾವಯ್ಯ ವೆಲ್ಡಿಂಗ್ ಕಿಡಿಯನ್ನು ತೋರಿಸಿದರು.

ಆ ಮಣ್ಣಿನ ಅಚ್ಚು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಕೆಳತುದಿಗೆ ಮುಕ್ಕಾಲು ಅಂಗುಲದ ಚೌಕ ಬಾಯಿ, ಮೇಲ್ತುದಿಗೆ ಎರಡಡಿಯ ಅಡ್ಡ ಹಿಡಿ ಬಂದವು. ಸಾಹೇಬರು ಬಕೆಟ್ಟಿನ ನೀರಿನಲ್ಲಿ ನನ್ನನ್ನು ಅದ್ದಿ ಚುಸ್ ಎನ್ನಿಸಿ, ದ್ಯಾವಯ್ಯನವರ ಹೆಗಲಿಗೆ ಕೊಟ್ಟರು. ಬಸ್ಸಿನ ಕಂಡಕ್ಟರ್ ನನ್ನನ್ನು ಒಳಗೆ ಬಿಡದೆ ಟಾಪಿನ ಮೇಲೆ ಹಾಕಿಸಿದ. ಹಾಗೆ ಭತ್ತದ ಮೂಟೆಗಳ ಪಕ್ಕ ಮಲಗಿಕೊಂಡು ನಾನು ನನ್ನ ಊರು ಸೇರಿದೆ.

ತೆಂಕಣಕೊಪ್ಪಲು ನಾಲೆಯ ಊರು. ಭತ್ತ, ಕಬ್ಬು, ಬದುವಿನ ಮೇಲೆ ತೆಂಗು. ಅಲ್ಲಿಯ ಜನರ ಬಾಯಲ್ಲಿ ಸದಾ ನೀರಿನ ಮಾತೇ. ಯಾರ ಗದ್ದೆಗೆ ಇವತ್ತು ಸರದಿ, ಯಾರು ಬದು ಒಡೆದರು, ಯಾರು ಯಾರ ಪಾಲಿನದನ್ನು ತಿರುಗಿಸಿಕೊಂಡರು ಎನ್ನುವುದು ಟೀ ಅಂಗಡಿಯಲ್ಲಿ ದಿನದ ವರ್ತಮಾನ. ದ್ಯಾವಯ್ಯ ಒಂಬತ್ತು ವರ್ಷ ನನ್ನನ್ನು ಹೊತ್ತು ತಿರುಗಿದರು. ಊರಿನ ಏಳು ವಾಲ್ವುಗಳನ್ನೂ ಅವರು ಸುತ್ತು ಎಣಿಸಿ ತಿಳಿದಿದ್ದರು. ಬಸವನ ಬೀದಿಗೆ ಎಂಟು ಸುತ್ತು, ಹೊಸ ಬಡಾವಣೆಗೆ ಪೂರ್ತಿ, ಹಾಲಿನ ಡೈರಿಯ ಲೈನಿಗೆ ಮೂರೇ ಮೂರು. ಬಾಯಲ್ಲಿ ಎಣಿಸುತ್ತಿರಲಿಲ್ಲ. ಅಂಗೈಯಲ್ಲಿ ಎಣಿಸುತ್ತಿದ್ದರು, ನನಗೆ ಗೊತ್ತಾಗುತ್ತಿತ್ತು.

ಅವರ ಮಂಡಿ ಸೋತ ವರ್ಷ ಪಂಚಾಯಿತಿ ನಿಂಗಾಜಮ್ಮನನ್ನು ಕೆಲಸಕ್ಕೆ ತೆಗೆದುಕೊಂಡಿತು. ಆಗ ಅವಳಿಗೆ ನಲವತ್ತೈದರ ಆಸುಪಾಸು. ಗಂಡ ಇರಲಿಲ್ಲ. ಮನೆಯಲ್ಲಿ ಅತ್ತೆ, ಓದುವ ಮಗಳು. ದುಡಿಯುವ ಕೈ ಅವಳದೊಂದೇ. ಹೆಂಗಸು ವಾಲ್ವ್ ತಿರುಗಿಸುತ್ತಾಳೆಯೇ ಎಂದು ಮೊದಲ ದಿನ ಹತ್ತಾರು ಜನ ಗುಂಡಿಯ ಸುತ್ತ ನಿಂತಿದ್ದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಂಡಿಯ ಪಕ್ಕ ಮಂಡಿಯೂರಿ, ಹಿಡಿಯ ಮೇಲೆ ಎದೆ ಬಾಗಿಸಿ, ತೋಳಿನಿಂದಲ್ಲ, ಇಡೀ ಮೈಯಿಂದ ತಿರುಗಿಸಿದಳು.

"ಕೈಯಲ್ಲಿ ತಿರುಗ್ಸಿ ತಿರುಗ್ಸಿ ನಾನು ಭುಜ ಕಳ್ಕಂಡೆ ಕನವ್ವ" ಎಂದರು ಕೋಲೂರಿಕೊಂಡು ನೋಡುತ್ತಿದ್ದ ದ್ಯಾವಯ್ಯ. "ಮೈಯಲ್ಲಿ ತಿರುಗ್ಸಾದು ನಿಂಗ್ಯಾರ್ ಹೇಳ್ಕೊಟ್ರು?"

"ರಾಗಿ ಬೀಸಿದ್ದೀನಿ ಕಣಣ್ಣ" ಎಂದಳು ಅವಳು.

ಅಂದಿನಿಂದ ನನಗೆ ತಿರುಗುವುದು ಹಗುರವಾಯಿತು. ಅವಳು ಕೆಲಸ ಮುಗಿದ ಮೇಲೆ ನನ್ನ ಬಾಯಿಯ ಮಣ್ಣನ್ನು ಬೇವಿನ ಕಡ್ಡಿಯಿಂದ ತೆಗೆದು, ತಿಂಗಳಿಗೊಮ್ಮೆ ಹರಳೆಣ್ಣೆ ಸವರುತ್ತಿದ್ದಳು. ನನ್ನ ಮೈಗೆ ತುಕ್ಕು ಹತ್ತದೆ ಇದ್ದುದು ಆ ಎಣ್ಣೆಯಿಂದ. ಇದನ್ನು ನಾನು ಮರೆತಿಲ್ಲ.

ಅವಳು ಬಂದ ಮೂರನೆಯ ವರ್ಷ ಪಂಚಾಯಿತಿಯಲ್ಲಿ ಬೇರೆ ಮಾತು ಶುರುವಾಯಿತು. ಸಿಬ್ಬಂದಿಯ ಖರ್ಚು ಹೊರಲಾಗುತ್ತಿಲ್ಲ, ನೀರುಗಂಟಿ ಕೆಲಸವನ್ನು ಗುತ್ತಿಗೆದಾರನಿಗೆ ವಹಿಸಿಬಿಡೋಣ ಎಂದು. ಅದೇ ಹೊತ್ತಿಗೆ ನಾಲ್ಕು ಕಿಲೋಮೀಟರು ದೂರದ ಗುಂಡುಬೋರೆ ಪಂಚಾಯಿತಿಯ ನೀರುಗಂಟಿ ನಿವೃತ್ತನಾದ; ಅವನ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಎರಡೂ ಪಂಚಾಯಿತಿಗೆ ಅಭಿವೃದ್ಧಿ ಅಧಿಕಾರಿ ಮಾತ್ರ ಆಗಲೇ ಒಬ್ಬರೇ: ಗದಗಿನ ಕಡೆಯಿಂದ ಬಂದ ಅನ್ನಪೂರ್ಣಾ ಕಡಕೋಳ. ಜನ ಅವರನ್ನು ಪಿಡಿಒ ಮೇಡಂ ಎನ್ನುತ್ತಿದ್ದರು. ಮಂಗಳವಾರ, ಗುರುವಾರ, ಶನಿವಾರ ಇಲ್ಲಿ. ಉಳಿದ ಮೂರು ದಿನ ಅಲ್ಲಿ.

"ನಾನೊಬ್ಬಾಕಿ ಎರಡೂ ಕಡೆ ಕೂತು ಕೆಲಸ ಮಾಡ್ತೀನಿ" ಎಂದು ಅವರು ಸಭೆಯಲ್ಲಿ ಹೇಳಿದರು. "ನೀರುಗಂಟಿನೂ ಹಂಗ ಮಾಡಬಹುದಲ್ರೀ. ಅರ್ಧ ಖರ್ಚು ನಿಮ್ದು, ಅರ್ಧ ಅವರ್ದು. ಆ ಹೆಣ್ಮಗಳಿಗೆ ಪೂರ್ತಿ ಕೆಲಸ."

ಎರಡೂ ಪಂಚಾಯಿತಿಗಳು ಆರು ತಿಂಗಳ ಮಟ್ಟಿಗೆ ನೋಡೋಣ ಎಂದು ಠರಾವು ಮಾಡಿದವು. ಆರು ತಿಂಗಳ ಒಳಗೆ ಯಾವುದಾದರೂ ಒಂದು ಪಂಚಾಯಿತಿ ಬೇಡ ಎಂದರೂ ಏರ್ಪಾಡು ಮುರಿದಂತೆ. ಆಮೇಲೆ ಎರಡೂ ಊರಿಗೆ ಗುತ್ತಿಗೆದಾರನ ಆಳು ಬರುತ್ತಾನೆ, ನಿಂಗಾಜಮ್ಮ ಮನೆಗೆ ಹೋಗುತ್ತಾಳೆ. ಕಾಗದದಲ್ಲಿ ಇದನ್ನು ಓದಿ ಹೇಳಿದಾಗ ಅವಳು ನನ್ನ ಹಿಡಿಯ ಮೇಲೆ ಗಲ್ಲ ಊರಿ ನಿಂತು ಕೇಳಿಸಿಕೊಂಡಳು. "ಆರ್ ತಿಂಗ್ಳು ಅಂದ್ರೆ ದೀಪಾವಳಿ ಆದ್ ಮೇಲೆ" ಎಂದಷ್ಟೇ ಹೇಳಿದಳು.

ಒಂದು ತೊಡಕಿತ್ತು. ಗುಂಡುಬೋರೆಯ ವಾಲ್ವುಗಳು ಬೇರೆ ಕಾಲದವು, ತಲೆ ದಪ್ಪ, ಒಂದೂಕಾಲು ಅಂಗುಲ. ನನ್ನ ಬಾಯಿ ಅದಕ್ಕೆ ಹಿಡಿಯುತ್ತಿರಲಿಲ್ಲ. ಅವರದಿದ್ದ ಹಳೆಯ ರಾಡಿನ ಬಾಯಿ ಸವೆದು ಬಟ್ಟಲಿನಂತಾಗಿತ್ತು. ನನ್ನನ್ನು ಮತ್ತೆ ಬಾಬಾಜಾನ್ ಸಾಹೇಬರ ಅಂಗಡಿಗೆ ಒಯ್ದರು. ಅವರು ಗ್ಯಾಸ್ ಕಟ್ಟರಿನಿಂದ ನನ್ನ ಹಿಡಿಯನ್ನು ಕತ್ತರಿಸಿ ತೆಗೆದಾಗ ನನ್ನ ಕತೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಹಿಡಿ ಇದ್ದ ತುದಿಗೆ ಇನ್ನೊಂದು ದೊಡ್ಡ ಬಾಯಿ ಬೆಸೆದರು. ಎರಡೂ ತುದಿಯಿಂದ ನಾಲ್ಕು ಬೆರಳು ಬಿಟ್ಟು ಒಂದೊಂದು ಕಬ್ಬಿಣದ ಬಳೆ ಕೂರಿಸಿದರು. ಹಿಡಿಯನ್ನು ಬೇಕಾದ ಬಳೆಯೊಳಗೆ ತೂರಿಸಿದರೆ ಆಯಿತು. ಒಂದು ಊರಿನಲ್ಲಿ ನಾನು ನೆಟ್ಟಗೆ, ಇನ್ನೊಂದು ಊರಿನಲ್ಲಿ ತಲೆಕೆಳಗು. ನಿಂಗಾಜಮ್ಮ ನನ್ನನ್ನು ಟಿವಿಎಸ್ ಗಾಡಿಗೆ ಸೈಕಲ್ ಟ್ಯೂಬಿನಿಂದ ಬಿಗಿದು, ನಸುಕಿಗೆ ಗುಂಡುಬೋರೆಗೆ ಹೋಗಿ ಆರೂವರೆಗೆ ಅಲ್ಲಿ ನೀರು ಬಿಟ್ಟು, ಏಳಕ್ಕೆ ಕೊಪ್ಪಲಿಗೆ ಬಂದು ಇಲ್ಲಿ ಬಿಟ್ಟು, ಎಂಟಕ್ಕೆ ಮತ್ತೆ ಅಲ್ಲಿಗೆ ಹೋಗಿ ನಿಲ್ಲಿಸಿ, ಒಂಬತ್ತಕ್ಕೆ ಇಲ್ಲಿಗೆ ಬಂದು ನಿಲ್ಲಿಸುತ್ತಿದ್ದಳು. ಮಳೆ ಬಂದರೆ ತನಗಿಂತ ಮೊದಲು ನನಗೆ ಗೋಣಿಚೀಲ ಹೊದಿಸುತ್ತಿದ್ದಳು. ಒದ್ದೆಯಾದರೆ ಕೈ ಜಾರುತ್ತದೆ ಎಂದು.

ಗುಂಡುಬೋರೆ ಎತ್ತರದ ಊರು. ನಾಲೆ ಅದರ ಕಾಲ ಕೆಳಗೇ ಹರಿದರೂ ಅಲ್ಲಿಗೆ ಏರುವುದಿಲ್ಲ. ಅಲ್ಲಿಯ ಹಿರಿಯರು ಕೆರೆಯ ಏರಿ, ಹೊಲದ ಒಡ್ಡು, ಕಲ್ಲಿನ ತಡೆ ಕಟ್ಟುವ ಕೆಲಸಕ್ಕೆ ಎಂದೋ ಬಂದು ನೆಲೆ ನಿಂತವರು. ಈಗಲೂ ಅರ್ಧ ಊರು ಗಾರೆ ಕೆಲಸಕ್ಕೆ, ಕಲ್ಲು ಕೆಲಸಕ್ಕೆ ಹೋಗುತ್ತದೆ. ಅಲ್ಲಿಯ ಪಂಚಾಯಿತಿಯ ಒಬ್ಬ ಸದಸ್ಯ ಗಿರಿಯಪ್ಪ. ಮೇಸ್ತ್ರಿ, ಖಡಕ್ ಮನುಷ್ಯ. ಹೊರಗಿನ ಊರಿನ ನೀರುಗಂಟಿ ಬೇಡ ಎಂದು ಮೊದಲ ಸಭೆಯಲ್ಲಿ ಹೇಳಿದವನು ಅವನೊಬ್ಬನೇ. ಮೇಲ್ಕೇರಿಯಲ್ಲಿ ತನ್ನ ಮನೆಗೆ ಇನ್ನೆರಡು ಕೋಣೆ ಸೇರಿಸಲೆಂದು ಪಾಯ ತೆಗೆಸಿ, ನಲವತ್ತು ಮೂಟೆ ಸಿಮೆಂಟು ತರಿಸಿ, ಜಗಲಿಯ ಕೆಳಗೆ ಹಲಗೆಯ ಮೇಲೆ ಒಟ್ಟಿಸಿದ್ದ.

ಮೇಲ್ಕೇರಿಯ ಪೈಪು ಹಳೆಯದು. ಅದರ ವಾಲ್ವಿಗೆ ಒಟ್ಟು ಹನ್ನೊಂದು ಸುತ್ತು. ನಿಂಗಾಜಮ್ಮ ಐದೇ ಸುತ್ತು ಬಿಡುತ್ತಿದ್ದಳು. ಐದು ತಿಂಗಳು ತುಂಬಿದ ಮೇಲೆ, ಒಂದು ಶನಿವಾರ, ಏಳು ಗಂಟೆ ದಾಟಿತ್ತು. ನಾವು ಕೊಪ್ಪಲಿನ ಬಸವನ ಬೀದಿಯ ಗುಂಡಿಯ ಬಳಿ ಇದ್ದೆವು. ಅವಳ ಫೋನು ಹೊಡೆಯಿತು. ಅವಳು ಅದನ್ನು ಜೋರು ಮಾಡಿ ನನ್ನ ಹಿಡಿಗೆ ಒರಗಿಸಿಟ್ಟಳು. ಆದ್ದರಿಂದ ಮಾತು ಮಾತಿಗೂ ನಾನೇ ಸಾಕ್ಷಿ.

"ನಿಂಗಾಜಮ್ಮ, ನಾನು ಗಿರಿಯಪ್ಪ. ನಮ್ ಮೇಲ್ಕೇರಿಗೆ ನೀರು ಕಟ್ಟಮ್ಮ. ಬೇಗ ಬಂದು ಕಟ್ಟು."

"ಬಂದೆ ಕಣಣ್ಣ, ಕಟ್ತೀನಿ" ಎಂದಳು.

ಗಾಡಿ ಹತ್ತಿ ಏರು ಹತ್ತುವಾಗ ಅವಳು ತನ್ನಷ್ಟಕ್ಕೆ ಅಂದುಕೊಂಡಿದ್ದು ನನಗೆ ಕೇಳಿಸಿತು: "ಐದ್ ಸುತ್ತು ಸಾಲ್ದೇನೋ. ಇವತ್ತು ಮನೆ ಕೆಲ್ಸುಕ್ಕೆ ಜಾಸ್ತಿ ಬೇಕೇನೋ." ವಾಲ್ವಿನ ಗುಂಡಿ ಇದ್ದುದು ಊರಾಚೆಯ ಟ್ಯಾಂಕಿನ ಬುಡದಲ್ಲಿ. ಮೇಲ್ಕೇರಿ ಅಲ್ಲಿಂದ ಕಾಣುವುದಿಲ್ಲ. ನನ್ನನ್ನು ತಲೆಕೆಳಗು ಮಾಡಿ ಇಳಿಬಿಟ್ಟು, ಎಡಕ್ಕೆ ಆರು ಸುತ್ತು ತಿರುಗಿಸಿ ಪೂರ್ತಿ ಬಿಟ್ಟಳು. ನನ್ನ ಬಾಯಿಯ ಕೆಳಗೆ ನೀರು ಗುಡುಗುಟ್ಟಿ ನುಗ್ಗಿದ್ದು ನನ್ನ ಮೈಗೆಲ್ಲ ತಿಳಿಯಿತು.

ಅಲ್ಲಿ ಆಗಿದ್ದು ಇಷ್ಟು. ಗಿರಿಯಪ್ಪನ ಮನೆ ಮುಂದೆ ಪೈಪಿನಲ್ಲಿ ಬೆರಳಗಲ ಬಿರುಕು ಬಿಟ್ಟು ನೀರು ಚಿಮ್ಮುತ್ತಿತ್ತು. ನಿಲ್ಲಿಸು ಎನ್ನುವುದಕ್ಕೇ ಅವನು ಫೋನು ಮಾಡಿದ್ದು. ಪೂರ್ತಿ ಬಿಟ್ಟ ರಭಸಕ್ಕೆ ಬಿರುಕು ಮೊಳದುದ್ದ ಸೀಳಿತು. ಪಾಯದ ಗುಂಡಿಗಳು ತುಂಬಿ, ಮಣ್ಣು ಕುಸಿದು, ನೀರು ಜಗಲಿಯ ಕೆಳಗೆ ನುಗ್ಗಿ ಸಿಮೆಂಟಿನ ಮೂಟೆಗಳನ್ನು ನೆನೆಸಿತು. ಜನ ಕೂಗಿಕೊಂಡು ಬಂದಾಗ ಅವಳು ಒಂದೇ ಉಸಿರಿಗೆ ಹನ್ನೊಂದು ಸುತ್ತನ್ನೂ ಬಲಕ್ಕೆ ತಿರುಗಿಸಿ ನಿಲ್ಲಿಸಿದಳು. ತಡವಾಗಿತ್ತು.

ಗಿರಿಯಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಟ್ಯಾಂಕಿನ ತನಕ ನಡೆದು ಬಂದು, ಅವಳ ಕೈಯಿಂದ ನನ್ನನ್ನು ತೆಗೆದುಕೊಂಡ.

"ಕಟ್ಟು ಅಂದ್ರೆ ಹಿಂಗ್ ಮಾಡ್ತೀಯಲ್ಲಮ್ಮ. ನಾನು ನಿಂಗೆ ಏನ್ ಕೇಡು ಮಾಡಿದ್ದೆ?" ಎಂದ. "ಸೋಮವಾರ ಮೀಟಿಂಗಲ್ಲಿ ಬೇಡ ಅಂತ ಠರಾವ್ ಹಾಕಿಸ್ತೀನಿ. ಅಲ್ಲೀವರ್ಗೂ ಇದು ನಮ್ಮನೇಲಿರ್ತದೆ."

"ನೀವ್ ಹೇಳ್ದಂಗೇ ಮಾಡ್ದೆ ಕಣಣ್ಣ" ಎಂದಳು ನಿಂಗಾಜಮ್ಮ. ಅವಳ ಮುಖದಲ್ಲಿ ತಪ್ಪು ಮಾಡಿದವರ ಅಳುಕಿರಲಿಲ್ಲ. ಏನಾಯಿತೆಂದೇ ತಿಳಿಯದವರ ದಿಗಿಲಿತ್ತು. ಅದು ಅವನಿಗೆ ಇನ್ನಷ್ಟು ಸಿಟ್ಟು ತರಿಸಿತು.

ಎರಡು ದಿನ ನಾನು ಗಿರಿಯಪ್ಪನ ನಡುಮನೆಯ ಮೂಲೆಯಲ್ಲಿ ನಿಂತಿದ್ದೆ. ಅವನ ತಾಯಿ ತಿರುಮಳಮ್ಮ ನನ್ನ ಕಡೆಗೊಮ್ಮೆ ಮಗನ ಕಡೆಗೊಮ್ಮೆ ನೋಡಿ, "ಕಬ್ಣ ತಂದು ಒಳಗಿಕ್ಕಂಡ್ರೆ ನೀರು ಬತ್ತದಾ?" ಎಂದು ಒಮ್ಮೆ ಕೇಳಿದಳು. ಭಾನುವಾರ ಬೆಳಿಗ್ಗೆ ಕೆಳಕೇರಿಗೆ ನೀರು ಬಿಡಲೆಂದು ಊರಿನವನೊಬ್ಬ ನನ್ನನ್ನು ಕೇಳಿಕೊಂಡು ಒಯ್ದ. ಐದು ಗುಂಡಿಗಳಲ್ಲಿ ಯಾವುದು ಯಾವ ಬೀದಿಯದು ಎಂದು ಅವನಿಗೆ ತಿಳಿಯದು. ಅವನು ತಿರುಗಿಸಿದ್ದು ಶಾಲೆಯ ಲೈನು. ರಜೆಯ ಶಾಲೆಯ ಅಂಗಳದಲ್ಲಿ ಎಂಟು ನಲ್ಲಿಗಳು ಒಂದು ಗಂಟೆ ಸುರಿದವು, ಟ್ಯಾಂಕು ಬರಿದಾಯಿತು. ಇತ್ತ ಕೊಪ್ಪಲಿನಲ್ಲಿ ನಾನಿಲ್ಲದೆ ಏಳೂ ವಾಲ್ವುಗಳು ಮುಚ್ಚಿದ್ದವು. ಅವರು ಪೈಪ್ ರಿಂಚು ಹಿಡಿದು ಗುಂಡಿಗೆ ತಲೆಕೆಳಗಾಗಿ ಇಳಿದು ನೋಡಿದರು. ಆಗಲಿಲ್ಲ. ಹೊಸ ರಾಡು ಮಾಡಿಸೋಣವೆಂದರೆ ಬಾಬಾಜಾನ್ ಸಾಹೇಬರು ತಮ್ಮನ ಮಗಳ ಮದುವೆಗೆ ಹೋಗಿ ಅಂಗಡಿ ಮುಚ್ಚಿತ್ತು. ನಾಲೆಯ ನೀರು ಊರ ಪಕ್ಕದಲ್ಲೇ ಹರಿಯುತ್ತಿತ್ತು. ಕುಡಿಯಲು ಕೊಡ ನೀರಿಗೆ ಜನ ಪಕ್ಕದೂರಿಗೆ ಗಾಡಿ ಕಟ್ಟಿದರು.

ಸೋಮವಾರ ಹನ್ನೊಂದಕ್ಕೆ ಗುಂಡುಬೋರೆ ಪಂಚಾಯಿತಿಯಲ್ಲಿ ಎರಡೂ ಊರಿನ ಸದಸ್ಯರ ಸಭೆ. ನನ್ನನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದರು. ಮೇಜು ಚಿಕ್ಕದು, ನನ್ನ ಎರಡೂ ಬಾಯಿಗಳು ಆಚೀಚೆ ಚಾಚಿಕೊಂಡಿದ್ದವು. ಒಂದು ಕಡೆ ಗಿರಿಯಪ್ಪ ಮತ್ತು ಅವನ ಊರಿನವರು, ಇನ್ನೊಂದು ಕಡೆ ಕೊಪ್ಪಲಿನ ಅಧ್ಯಕ್ಷ ಹಲಗೇಗೌಡರು, ನಡುವೆ ಪಿಡಿಒ ಮೇಡಂ. ನಿಂಗಾಜಮ್ಮ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದಳು. ಕೂರು ಎಂದರೂ ಕೂರಲಿಲ್ಲ. ಅವಳು ಬರುವಾಗ ಗುಂಡಿಗಳ ಮುಚ್ಚಳ ತೆಗೆಯುವ ಕೊಕ್ಕೆಯನ್ನೂ ಕೆಲಸದ ಪುಸ್ತಕವನ್ನೂ ತಂದು ನನ್ನ ಪಕ್ಕದಲ್ಲಿ ಇಟ್ಟಿದ್ದಳು, ಒಪ್ಪಿಸಿ ಹೋಗುವವಳ ಹಾಗೆ.

ಮೇಡಂ ಪೆನ್ನು ತೆಗೆದರು. "ಗಿರಿಯಪ್ಪನವರ, ಫೋನಿನ್ಯಾಗ ನೀವು ಅಂದದ್ದು ಏನು? ಅರ್ಥ ಹೇಳಬ್ಯಾಡ್ರಿ. ಅಂದ ಮಾತು ಅಷ್ಟ ಹೇಳ್ರಿ. ನಾ ಬರಕೋಬೇಕು."

"ನಮ್ ಮೇಲ್ಕೇರಿಗೆ ನೀರು ಕಟ್ಟಮ್ಮ, ಬೇಗ ಬಂದು ಕಟ್ಟು ಅಂದೆ."

"ನಿಂಗಾಜಮ್ಮ, ಹೌದೇನು?"

"ಹೌದು ಮೇಡಂ. ಅಷ್ಟೇ ಅಂದದ್ದು."

ಹಲಗೇಗೌಡರು ತೊಡೆ ತಟ್ಟಿಕೊಂಡರು. "ನೋಡಿ ಮತ್ತೆ. ಕಟ್ಟು ಅಂದವ್ರೆ, ಕಟ್ಟವ್ಳೆ. ಇದ್ರಲ್ಲಿ ಅವ್ಳ ತಪ್ಪೇನ್ ಬಂತು?"

"ಎಲ್ಲಿ ಕಟ್ಟುದ್ಲು ಗೌಡ್ರೆ? ಕಟ್ಟಿದ್ರೆ ಪೈಪ್ ಯಾಕೆ ಸೀಳ್ತಿತ್ತು?"

"ಕಟ್ಟಿದ್ದುಕ್ಕೇ ಅಲ್ವೇನಯ್ಯ ಸೀಳಿದ್ದು."

"ನಲವತ್ತು ಮೂಟೆ ನೆಂದವೆ, ನೀವು ತಮಾಷೆ ಮಾಡ್ತೀರಾ?"

"ತಮಾಷೆ ನಾನ್ ಮಾಡ್ತಿದ್ದೀನೋ ನೀನ್ ಮಾಡ್ತಿದ್ದೀಯೋ? ಕಟ್ಟು ಅಂತ ನೀನೇ ಹೇಳಿ, ಯಾಕ್ ಕಟ್ದೆ ಅಂತ ನೀನೇ ಕೇಳ್ತೀಯಾ?"

"ಕಟ್ಲಿಲ್ಲ ಅಂತ ಕೇಳ್ತಿರೋದು ಕನ್ರೀ."

ಎರಡೂ ಕಡೆಯವರು ಎದ್ದು ನಿಂತರು. ಮೇಜು ಅಲುಗಾಡಿ ನಾನು ಒಂದು ಪಕ್ಕಕ್ಕೆ ಉರುಳಿದೆ. ಮೇಡಂ ನನ್ನ ಮೇಲೆ ಕೈಯಿಟ್ಟು ತಡೆದರು. ಬರೆದುಕೊಂಡಿದ್ದನ್ನು ಇನ್ನೊಮ್ಮೆ ಓದಿಕೊಂಡರು.

"ತಡೀರಿ ಸ್ವಲ್ಪ" ಎಂದರು. "ನಾ ದೂರದಾಕಿ, ನನಗ ತಿಳಿವಲ್ದು. ನೀರು ಕಟ್ಟೋದು ಅಂದ್ರ ಏನು?"

"ಬಿಡೋದು" ಎಂದರು ಹಲಗೇಗೌಡರು.

"ನಿಲ್ಸೋದು" ಎಂದ ಗಿರಿಯಪ್ಪ.

ಇಬ್ಬರೂ ಒಟ್ಟಿಗೇ ಹೇಳಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಗದ್ದೆಗೆ ನೀರು ಕಟ್ಟಕ್ಕೆ ಹೋಯ್ತೀನಿ ಅಂತೀವಲ್ಲ" ಎಂದರು ಗೌಡರು, ಈಗ ದನಿ ತಗ್ಗಿಸಿ. "ಗದ್ದೆಗೆ ನೀರು ಕಟ್ಟೋದು ಅಂದ್ರೆ ಹಾಯ್ಸೋದು. ಹುಟ್ದಾಗ್ನಿಂದ ಹಂಗೇ ಅಂತಿರೋದು."

"ನಾವು ಒಡ್ಡಾಕಿ ನೀರು ಕಟ್ಟೋರು" ಎಂದ ಗಿರಿಯಪ್ಪ. "ನಮ್ತಾತ ಏಳು ಕೆರೆಗೆ ನೀರು ಕಟ್ಟವ್ನೆ. ಕಟ್ಟಿದ್ ಮೇಲೆ ಒಂದ್ ತೊಟ್ಟು ಆಚೆಗ್ ಹೋಗಕೂಡ್ದು."

ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದ ಹೆಂಗಸರಲ್ಲಿ ಮೊದಲು ನಕ್ಕವಳು ತಿರುಮಳಮ್ಮ. ಆಮೇಲೆ ನಗು ಒಳಗೂ ಬಂತು. ಗಿರಿಯಪ್ಪ ನಗಲಿಲ್ಲ.

"ನಮ್ಮ ಕಡೆ ನೀರು ಹಾಯಿಸೋದು ಅಂತೀವಿ, ನಿಲ್ಲಸಬೇಕಂದ್ರ ಬಂದ್ ಮಾಡೋದು ಅಂತೀವಿ" ಎಂದರು ಮೇಡಂ. "ನೀವು ಒಂದ ಮಾತಿನ್ಯಾಗ ಎರಡೂ ಮುಗಿಸೀರಿ. ನಾಲ್ಕು ಕಿಲೋಮೀಟರಿಗೆ ಮಾತು ಉಲ್ಟಾ ಆಗೇತಿ. ಐದು ತಿಂಗಳು ಯಾರಿಗೂ ಗೊತ್ತಾಗಿಲ್ಲ ಅನ್ನೋದ ದೊಡ್ಡ ಮಾತು."

"ಮಾತು ಏನಾರಾಗ್ಲಿ" ಎಂದ ಗಿರಿಯಪ್ಪ. "ಅವಳು ಒಂದ್ ಮಾತು ಕೇಳ್ಬೋದಿತ್ತು."

ಪಾಯ ಕುಸಿದದ್ದು ಅವನ ಮನೆಯದು; ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಲಗೇಗೌಡರು ಬಾಯಿ ತೆರೆದರು. ಅಷ್ಟರಲ್ಲಿ ನಿಂಗಾಜಮ್ಮ ಗೋಡೆಯಿಂದ ಈಚೆ ಬಂದಳು.

"ಕೇಳ್ಬೇಕಿತ್ತು ಕಣಣ್ಣ" ಎಂದಳು. "ಐದ್ ಸುತ್ತು ಮೀರಿ ಆ ಪೈಪಿಗೆ ಬಿಡಬಾರ್ದು ಅಂತ ನಂಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ, ಮೆಂಬ್ರು ಹೇಳವ್ರೆ ಅಂತ. ನಮ್ಮೂರಾಗಿದ್ರೆ ದ್ಯಾವಣ್ಣನ್ನ ಕೇಳ್ತಿದ್ದೆ, ಹಿಂಗಂತವ್ರೆ ಬಿಡ್ಲಾ ಅಂತ. ಇಲ್ಲಿ ಯಾರನ್ನ ಕೇಳಾದು ಅಂತ ಗೊತ್ತಿರ್ನಿಲ್ಲ. ಕೇಳುದ್ರೆ ಕೆಲ್ಸ ಬರಲ್ಲ ಅಂದ್ಕತಾರೆ ಅಂತ ಸುಮ್ಕಾದೆ. ಅದು ನನ್ ತಪ್ಪು. ಬರ್ಕಳಿ ಮೇಡಂ."

ಮೇಡಂ ಬರೆದುಕೊಂಡರು. ಯಾರು ಏನು ಹೇಳಿದರೂ ಬರೆದುಕೊಳ್ಳುವವರು ಅವರು. ಆಮೇಲೆ ಕೇಳಿದರು: "ಗುಂಡುಬೋರೆ ಪಂಚಾಯಿತಿಗೆ ಈ ಏರ್ಪಾಡು ಬೇಕೋ ಬ್ಯಾಡೋ? ಒಂಬತ್ತು ಮಂದಿ ಸದಸ್ಯರದೀರಿ. ಬೇಕು ಅನ್ನೋರು ಕೈ ಎತ್ರಿ."

ಆಗ ತಿರುಮಳಮ್ಮ ಕಿಟಕಿಯ ಸರಳು ಹಿಡಿದುಕೊಂಡು ಒಳಗೆ ಮಾತಾಡಿದಳು. ಸಭೆಯಲ್ಲಿ ಮಾತಾಡುವ ಹಕ್ಕು ಅವಳಿಗಿರಲಿಲ್ಲ, ಯಾರೂ ತಡೆಯಲೂ ಇಲ್ಲ.

"ಕೈ ಎತ್ತೋಕ್ ಮುಂಚೆ ಕೇಳ್ರಪ್ಪ. ಹಿಂದ್ಲೋನು ಇದ್ದಾಗ ನೀರು ಯಾವಾಗ್ ಬತ್ತದೆ ಅಂತ ನಲ್ಲಿ ಮುಂದೆ ಕೂತು ಕೂತು ನನ್ ಸೊಸೆ ಗಾರ್ಮೆಂಟ್ ಬಸ್ಸು ತಪ್ಪುಸ್ಕತಿದ್ಲು. ಈ ಹೆಂಗ್ಸು ಬಂದ್ ಮೇಲೆ ಆರೂವರೆ ಅಂದ್ರೆ ಆರೂವರೆ. ಐದ್ ತಿಂಗ್ಳಲ್ಲಿ ಒಂದಿನ ಬಸ್ ತಪ್ಪಿಲ್ಲ. ಲೋ ಗಿರಿ, ನೆಂದ್ ಸಿಮೆಂಟು ಹೋಯ್ತು, ಹೋಗ್ಲಿ. ಪಾಯ ನೀನೇ ಮತ್ತೆ ತೆಗೀತೀಯ, ನೀನೇ ಮೇಸ್ತ್ರಿ. ಆರೂವರೆ ನೀರು ನೀನ್ ತರ್ತೀಯಾ?"

ಏಳು ಕೈ ಎದ್ದವು. ಒಬ್ಬರು ಗೈರು. ಗಿರಿಯಪ್ಪನ ಕೈ ಮೇಜಿನ ಮೇಲೇ, ನನ್ನ ದೊಡ್ಡ ಬಾಯಿಯ ಪಕ್ಕದಲ್ಲೇ ಇತ್ತು. ಅವನು ಎತ್ತಲಿಲ್ಲ. ಬೇಡ ಎಂದೂ ಹೇಳಲಿಲ್ಲ. ತಟಸ್ಥ ಎಂದು ಮೇಡಂ ಬರೆದುಕೊಂಡರು. ಇನ್ನು ಮುಂದೆ ಎರಡೂ ಊರಿನಲ್ಲಿ 'ಬಿಡು', 'ನಿಲ್ಲಿಸು' ಎಂಬ ಎರಡೇ ಮಾತು ಬಳಸತಕ್ಕದ್ದು, ಕಟ್ಟು ಎನ್ನತಕ್ಕದ್ದಲ್ಲ ಎಂದು ಠರಾವಾಯಿತು. ನನಗೆ ತಿಳಿದ ಮಟ್ಟಿಗೆ ಒಂದು ಪದವನ್ನು ನಿಷೇಧಿಸಿದ ಠರಾವು ಆ ಎರಡು ಪಂಚಾಯಿತಿಗಳಲ್ಲಿ ಅದೊಂದೇ.

ಸಭೆ ಮುಗಿದಾಗ ನಿಂಗಾಜಮ್ಮ ನನ್ನನ್ನು ಎತ್ತಿಕೊಳ್ಳಲು ಬಂದಳು. ಗಿರಿಯಪ್ಪ ಅವಳಿಗಿಂತ ಮೊದಲು ಎತ್ತಿಕೊಂಡ. ಅವಳು ನಿಂತಳು. ಅವನು ಹೊರಗೆ ಬಂದು, ಅವಳ ಗಾಡಿಗೆ ನನ್ನನ್ನು ಇಟ್ಟು, ಟ್ಯೂಬಿನಿಂದ ಬಿಗಿದ. ಮೇಸ್ತ್ರಿ ಕಟ್ಟಿದ ಗಂಟು. ಅವಳು ಕಟ್ಟುವುದಕ್ಕಿಂತ ಗಟ್ಟಿ. ಆಮೇಲೆ ತನ್ನ ಸೈಕಲ್ಲು ಹತ್ತಿ ನಮ್ಮ ಹಿಂದೆಯೇ ಇಳಿಜಾರು ಇಳಿದು ಕೊಪ್ಪಲಿಗೆ ಬಂದ. ಎರಡು ದಿನ ಬಾಯಾರಿದ ಊರು. ಏಳೂ ವಾಲ್ವ್ ತೆರೆಯಬೇಕಿತ್ತು. ಡೈರಿಯ ಗುಂಡಿಯ ಬಳಿ ಅವನೇ ನನ್ನ ಹಿಡಿಗೆ ಕೈ ಹಾಕಿದ.

"ಎಷ್ಟ್ ಸುತ್ತು?" ಎಂದ.

"ಮೂರೇ. ಎಡಕ್ಕೆ" ಎಂದಳು ಅವಳು.

"ಎಡಕ್ಕಾ?"

"ಎಡಕ್ಕೆ."

"ಎಡಕ್ಕೆ ಅಂದ್ರೆ ನಿಮ್ಮೂರಲ್ಲೂ ಎಡಕ್ಕೇ ತಾನೆ?"

ಅವಳು ನಕ್ಕುಬಿಟ್ಟಳು. ಮೂರು ದಿನದಲ್ಲಿ ಮೊದಲ ಸಲ. ಅವನು ತೋಳಿನಿಂದ ತಿರುಗಿಸಿದ. ಗಂಡಸರೆಲ್ಲ ತೋಳಿನಿಂದಲೇ ತಿರುಗಿಸುತ್ತಾರೆ. ಡೈರಿಯ ನಲ್ಲಿಯಲ್ಲಿ ನೀರು ಬಿತ್ತು. ಬಕೆಟ್ಟು ಹಿಡಿದು ನಿಂತಿದ್ದ ಕೊಪ್ಪಲಿನವರು, ಇವನು ಯಾರು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು.

ಗಟ್ಟಿಯಾದ ನಲವತ್ತು ಮೂಟೆಗಳನ್ನು ಗಿರಿಯಪ್ಪ ಎಸೆಯಲಿಲ್ಲ. ಚೀಲ ಸುಲಿದು, ಕಲ್ಲಿನ ಹಾಗೆ ಜೋಡಿಸಿ, ಗುಂಡುಬೋರೆಯ ಟ್ಯಾಂಕಿನ ಬುಡದ ಐದೂ ಗುಂಡಿಗಳ ಸುತ್ತ ಕಟ್ಟೆ ಕಟ್ಟಿದ. ಒಂದೊಂದರ ಮೇಲೂ ಬೀದಿಯ ಹೆಸರು ಬರೆಸಿದ. ನಿಂಗಾಜಮ್ಮ ನೀರು ಬಿಟ್ಟು ಕಾಯುವಾಗ ಅದರ ಮೇಲೆ ಕೂರುತ್ತಿದ್ದಳು. ಮೇಲ್ಕೇರಿಗೆ ಹೊಸ ಪೈಪು ಬರುವ ತನಕ ಅವಳು ಐದು ಸುತ್ತು ಮೀರಲಿಲ್ಲ. ಮೀರಬೇಕೆಂದು ಯಾರಾದರೂ ಹೇಳಿದರೆ ಮೊದಲು ಗಿರಿಯಪ್ಪನಿಗೆ ಫೋನು ಮಾಡಿ ಕೇಳುತ್ತಿದ್ದಳು. ಅವನೂ ಬೈಯದೆ ಹೇಳುತ್ತಿದ್ದ.

ಆರು ತಿಂಗಳು ಹೋಗಿ ಹನ್ನೊಂದು ವರ್ಷವಾಯಿತು. ಆ ನಡುವೆ ಎರಡೂ ಪಂಚಾಯಿತಿಗಳು ಕರ ವಸೂಲಿಗಾರನನ್ನು, ಕಂಪ್ಯೂಟರ್ ಆಪರೇಟರನ್ನು, ಕಸದ ಗಾಡಿಯ ಚಾಲಕನನ್ನೂ ಹಂಚಿಕೊಂಡವು. ಹಂಚಿಕೊಳ್ಳುವುದು ಸುಲಭವಾಗಿಯೇನೂ ಇರಲಿಲ್ಲ. ಕಸದ ಗಾಡಿ ಯಾವ ಊರಿನಲ್ಲಿ ತಂಗಬೇಕು ಎಂದು ಒಂದು ವರ್ಷ ವಾದ ನಡೆಯಿತು. ಆದರೂ ಯಾರೂ ಕೆಲಸ ಕಳೆದುಕೊಂಡು ಮನೆಗೆ ಹೋಗಲಿಲ್ಲ. ನಿಂಗಾಜಮ್ಮನ ಮಗಳು ನರ್ಸಿಂಗ್ ಮುಗಿಸಿ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು.

ಕೊನೆಗೆ ಎರಡೂ ಊರಿಗೆ ಹೊಸ ಪೈಪುಗಳು ಬಂದವು. ಈಗಿನ ವಾಲ್ವುಗಳಿಗೆ ಅವುಗಳದೇ ಚಕ್ರವಿದೆ; ನೆಲದ ಮೇಲೇ ನಿಂತು ಬೆರಳಿನಲ್ಲಿ ತಿರುಗಿಸಬಹುದು. ಅದೇ ವರ್ಷ ನಿಂಗಾಜಮ್ಮ ಅರವತ್ತು ತುಂಬಿ ನಿವೃತ್ತಳಾದಳು. ನನ್ನನ್ನು ಕೊಪ್ಪಲಿನ ಪಂಚಾಯಿತಿ ಕಚೇರಿಯ ಹಿಂಬಾಗಿಲ ಮೂಲೆಯಲ್ಲಿ ನಿಲ್ಲಿಸಿದರು. ಈಗ ನನ್ನ ಹಿಡಿಯ ಒಂದು ತುದಿಗೆ ಕಸ ಗುಡಿಸುವಾಕೆಯ ಛತ್ರಿ ತೂಗುತ್ತದೆ, ಇನ್ನೊಂದಕ್ಕೆ ಸಭೆಗೆ ಬಂದವರ ಊಟದ ಚೀಲ. ಭಾರ ಹೆಚ್ಚಿಲ್ಲ.

ಮೊನ್ನೆ ಗುಜರಿ ಹರಾಜಿನ ದಿನ. ಮುರಿದ ಕುರ್ಚಿ, ಕೆಟ್ಟ ಮೋಟಾರು, ಹಳೆಯ ಪೈಪುಗಳನ್ನೆಲ್ಲ ಅಂಗಳಕ್ಕೆ ತಂದು ಹಾಕಿದರು. ನನ್ನನ್ನೂ ತಂದರು. ಈಗಿನ ಪಿಡಿಒ ಚಿಕ್ಕ ವಯಸ್ಸಿನವರು. ಎರಡೂ ಪಂಚಾಯಿತಿಯ ಸಾಮಾನು ಪುಸ್ತಕ ತೆರೆದು ಒಂದೊಂದನ್ನೇ ನೋಡಿ ಗುರುತು ಹಾಕುತ್ತಾ ನನ್ನ ಹತ್ತಿರ ಬಂದು ನಿಂತರು. ಕೊಪ್ಪಲಿನ ಪುಸ್ತಕದಲ್ಲಿ ಇದ್ದುದು ಒಂದು ಬಾಯಿಯ, ಹಿಡಿ ಬೆಸೆದ ರಾಡು. ಗುಂಡುಬೋರೆಯ ಪುಸ್ತಕದಲ್ಲಿ ಇದ್ದುದು ಬಾಯಿ ಸವೆದ ಹಳೆಯದು. ನನ್ನಂಥದು ಎರಡರಲ್ಲೂ ಇರಲಿಲ್ಲ. ರೇಷನ್ ಕಾರ್ಡಿನ ನಕಲು ಮಾಡಿಸಲೆಂದು ನಿಂಗಾಜಮ್ಮ ಅಲ್ಲಿಗೆ ಬಂದಿದ್ದಳು. ಯಾರೋ ಅವಳನ್ನು ಕರೆದರು.

"ಅಮ್ಮ, ಇದು ಯಾವ ಪಂಚಾಯ್ತಿದು?"

ಅವಳು ನನ್ನನ್ನು ಎತ್ತಿ, ಹಿಡಿಯನ್ನು ಒಂದು ಬಳೆಯಿಂದ ತೆಗೆದು ಇನ್ನೊಂದಕ್ಕೆ ತೂರಿಸಿ, ಮತ್ತೆ ಮೊದಲಿನದಕ್ಕೇ ತೂರಿಸಿದಳು.

"ಎರಡರದೂ ಸಾ."

"ಹಾಗಂತ ಬರೆಯೋದಕ್ಕೆ ಇಲ್ಲಿ ಜಾಗ ಇಲ್ಲಮ್ಮ. ಒಂದರ ಹೆಸರು ಹೇಳಿ. ಬರೀದೆ ಇದ್ರೆ ಹರಾಜು ಹಾಕೋ ಹಾಗಿಲ್ಲ."

"ಹಂಗಾದ್ರೆ ಬರೀಬೇಡಿ" ಎಂದಳು ನಿಂಗಾಜಮ್ಮ.

ಅವರು ಪುಸ್ತಕ ಮುಚ್ಚಿದರು. ಅವಳು ನನ್ನನ್ನು ಮತ್ತೆ ಒಳಗೆ ತಂದು, ನೆರಳಿರುವ ಗೋಡೆಗೆ ಒರಗಿಸಿ ನಿಲ್ಲಿಸಿದಳು.